ರಾಯಚೂರು ಬೇಸಿಗೆ, ಸಿಪ್ಯಾಪ್ ಮಷಿನ್: ಕೂಲರ್ ತರೋದಾ, ಎಸಿ ಹಾಕಿಸೋದಾ?

ನಿಮ್ಮ ಅಪ್ಪನ ಸಿಪ್ಯಾಪ್‌ಗೆ, ಅಂದರೆ ನಿದ್ದೆಯಲ್ಲಿ ಉಸಿರು ಕಟ್ಟುವವರು ಮಾಸ್ಕ್ ಹಾಕಿಕೊಂಡು ಮಲಗುವ ಮಷಿನ್‌ಗೆ, ಯಾವುದು ಸರಿ ಎಂದು ಕೇಳಿದ್ದೀರಿ. ಈ ಮಷಿನ್ ಗಾಳಿಯನ್ನು ತಂಪು ಮಾಡುವುದಿಲ್ಲ. ಕೋಣೆಯ ಗಾಳಿಯನ್ನೇ ಎಳೆದು ಮಾಸ್ಕಿಗೆ ತಳ್ಳುತ್ತದೆ. ಹಲವು ಮಷಿನ್‌ಗಳಿಗೆ ಕೋಣೆಯ ಬಿಸಿ 35 ಡಿಗ್ರಿಯೇ ಮಿತಿ. ನಮ್ಮಲ್ಲಿ ಮೇ ತಿಂಗಳ ಹಗಲು 40 ದಾಟುತ್ತದೆ, ಆರ್‌ಸಿಸಿ ಮಾಳಿಗೆ ರಾತ್ರಿಯೂ ಕಾದೇ ಇರುತ್ತದೆ. ಹಾಗಾಗಿ ಬರೀ ಫ್ಯಾನ್ ಸಾಲದು.

ಖರ್ಚಿನಲ್ಲಿ ಕೂಲರ್‌ದೇ ಮೇಲುಗೈ. ಅದಕ್ಕೆ 200 ವ್ಯಾಟ್ ಆಸುಪಾಸು, ಒಂದೂವರೆ ಟನ್ ಎಸಿಗೆ ಸುಮಾರು 1500. ಶಕ್ತಿನಗರದ ವಿದ್ಯುತ್ ಸ್ಥಾವರ ಪಕ್ಕದಲ್ಲೇ ಇದ್ದರೂ ಕರೆಂಟ್ ಹೋಗುವುದು ತಪ್ಪಿಲ್ಲ! ಆಗ ಮನೆಯ ಸಾಮಾನ್ಯ ಇನ್ವರ್ಟರ್ ಮೇಲೆ ಮಷಿನ್ ಜೊತೆ ಸಣ್ಣ ಕೂಲರ್ ಓಡುತ್ತದೆ, ಎಸಿ ಓಡುವುದಿಲ್ಲ.

ಏಪ್ರಿಲ್-ಮೇ ಒಣ ಸೆಕೆಗೆ ಕೂಲರ್ ಚೆನ್ನ, ಮೂಗೂ ಒಣಗುವುದಿಲ್ಲ. ಆದರೆ ನೀರು ಆಗಾಗ ಬದಲಿಸಿ. ನಾರುವ ನೀರಿನ ಗಾಳಿ ಸೀದಾ ಮೂಗಿಗೇ ಹೋಗೋದು ಅಲ್ವಾ? ಕೂಲರ್‌ಗೆ ಕಿಟಕಿ ತೆರೆದಿಡಬೇಕು, ಧೂಳಿಗೆ ಮಷಿನ್‌ನ ಫಿಲ್ಟರ್ ಬೇಗ ಕೊಳೆಯಾಗುತ್ತದೆ. ಮಳೆ ಶುರುವಾದರೆ ಕೂಲರ್ ಸುಮ್ನೆ ಜಿಗುಟು.

ಎಸಿಯಲ್ಲಿ ಧೂಳಿಲ್ಲ, ಮಾಸ್ಕ್ ಕೆಳಗೆ ಬೆವರೂ ಇಲ್ಲ. ಗಾಳಿ ಮಾತ್ರ ಒಣ. ಮಷಿನ್‌ನ ಹ್ಯುಮಿಡಿಫೈಯರ್ (ಗಾಳಿಗೆ ತೇವ ಸೇರಿಸುವ ನೀರಿನ ಡಬ್ಬಿ) ಜಾಸ್ತಿ ಇಟ್ಟರೆ ತಣ್ಣನೆ ಪೈಪಿನೊಳಗೆ ನೀರು ಕಟ್ಟಿ ಗುಳುಗುಳು ಎನ್ನುತ್ತದೆ. ಪೈಪಿಗೆ ಬಟ್ಟೆ ಸುತ್ತಿ, ಎಸಿ 26ರಲ್ಲಿಡಿ.

ಧೂಳಿನ ಅಲರ್ಜಿ ಇದ್ದು, ಕರೆಂಟ್ ನೆಚ್ಚಬಹುದಾದರೆ ಎಸಿ. ಕರೆಂಟ್ ಪದೇ ಪದೇ ಹೋಗುವ ಊರಾದರೆ ನಾನಂತೂ ಕೂಲರ್ ತರುತ್ತೇನೆ.