ಟಚ್‌ಸ್ಕ್ರೀನ್‌ನಲ್ಲಿ ಮಿಕ್ಸಿಂಗ್ ಮಾಡುವವರೇ, ಮೊದಲು ಭುಜ ಉಳಿಸಿಕೊಳ್ಳಿ

ಮನೆಯ ಒಂದು ಕೋಣೆಯನ್ನೇ ಸ್ಟುಡಿಯೋ ಮಾಡಿಕೊಂಡು, ಮಿಕ್ಸಿಂಗ್‌ಗೆ, ಅಂದರೆ ಹಾಡಿನ ಧ್ವನಿ, ವಾದ್ಯಗಳ ಮಟ್ಟ ಹೊಂದಿಸುವ ಕೆಲಸಕ್ಕೆ, ದೊಡ್ಡ ಟಚ್‌ಸ್ಕ್ರೀನ್ ಕೊಳ್ಳಲು ಹಣ ಕೂಡಿಡುತ್ತಿರುವ ಹುಡುಗ ಹುಡುಗಿಯರು ಮೈಸೂರು, ಮಂಡ್ಯದ ಕಡೆ ಈಗ ಬಹಳ ಇದ್ದಾರೆ. ಕೆಲವರು ಈಚೆಗೆ ನನ್ನ ಸಲಹೆ ಕೇಳಿದರು. ಅವರೆಲ್ಲ ಕೇಳಿದ್ದು ಪರದೆಯ ಅಳತೆ, ಬೆಲೆ, ಯಾವ ಸಾಫ್ಟ್‌ವೇರ್‌ಗೆ ಹೊಂದುತ್ತದೆ ಎಂಬುದನ್ನು ಮಾತ್ರ. ಅದನ್ನು ಎಷ್ಟು ಎತ್ತರದಲ್ಲಿ, ಎಷ್ಟು ಬಾಗಿಸಿ ಇಡಬೇಕೆಂದು ಯಾರೂ ಕೇಳಲಿಲ್ಲ. ನನ್ನ ಬಲ ಭುಜ ಹಾಳಾದದ್ದು ಅದೊಂದೇ ವಿಷಯದಿಂದ. ಆದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಕುವೆಂಪುನಗರದ ನನ್ನ ಕೋಣೆಯಲ್ಲಿ ಭಕ್ತಿಗೀತೆಗಳು, ಶಾಲಾ ವಾರ್ಷಿಕೋತ್ಸವದ ಹಾಡುಗಳು, ನೃತ್ಯ ಕಾರ್ಯಕ್ರಮಗಳ ಸಂಗೀತ ಸಿದ್ಧವಾಗುತ್ತವೆ. 27 ಇಂಚಿನ ಟಚ್‌ಸ್ಕ್ರೀನ್ ಮಾರಿದವರು ಅದನ್ನು ಗೋಡೆಗೆ ಬಿಗಿಸಿ, ಕಣ್ಣಿನ ಮಟ್ಟಕ್ಕೆ ನೆಟ್ಟಗೆ ನಿಲ್ಲಿಸಿ ಹೋದರು. ಕುತ್ತಿಗೆಗೆ ಇದೇ ಒಳ್ಳೆಯದು ಎಂದರು. ಬರೀ ನೋಡುವ ಪರದೆಗೆ ಅವರ ಮಾತು ಸರಿಯೇ. ಆದರೆ ದಿನವಿಡೀ ಮುಟ್ಟುವ ಪರದೆಗೆ ಅದೇ ಮಾತು ವಿಷ. ಅಂಗಡಿಯಲ್ಲಿ ಐದು ಹತ್ತು ನಿಮಿಷ ಬೆರಳಾಡಿಸಿದಾಗ ಇದು ಯಾರಿಗೂ ತಿಳಿಯುವುದಿಲ್ಲ. ಆಗ ಎಲ್ಲವೂ ಹಗುರವಾಗಿ, ಚೆಂದವಾಗಿ ಕಾಣುತ್ತದೆ.

ದಸರಾ ಹತ್ತಿರವಾದಂತೆ ಕೆಲಸ ಒತ್ತರಿಸಿಕೊಂಡು ಬಂತು. ಮೊದಲು ಸಂಜೆಯ ಹೊತ್ತಿಗೆ ಮೇಲ್ತೋಳು ಭಾರವಾಗುತ್ತಿತ್ತು. ನಂತರ ಬೆಳಗ್ಗೆ ಏಳುವಾಗಲೂ ಆ ಭಾರ ಹೋಗದಾಯಿತು. ಕೊನೆಗೆ ತಲೆ ಬಾಚುವುದು, ಅಟ್ಟದ ಮೇಲಿನ ಡಬ್ಬಿ ಇಳಿಸುವುದು, ಬಲ ಮಗ್ಗುಲಿಗೆ ಮಲಗುವುದು, ಯಾವುದೂ ಸಾಧ್ಯವಾಗಲಿಲ್ಲ. ಭುಜದ ಮೇಲ್ತುದಿಯ ಮೂಳೆಯ ಅಡಿಯಲ್ಲಿ ಹಾದುಹೋಗುವ ಸ್ನಾಯುರಜ್ಜುವಿಗೆ ಉರಿಯೂತವಾಗಿದೆ ಎಂದು ವೈದ್ಯರು ಹೇಳಿದರು. ಫಿಸಿಯೋಥೆರಪಿ ಇನ್ನೂ ನಡೆಯುತ್ತಿದೆ. ಒಪ್ಪಿಕೊಂಡಿದ್ದ ಎರಡು ಕೆಲಸಗಳನ್ನು ಬೇರೆಯವರಿಗೆ ಬಿಟ್ಟುಕೊಡಬೇಕಾಯಿತು. ಹಾಡಿದ ಮಕ್ಕಳ ಮುಖ ನೆನೆದರೆ ಈಗಲೂ ಬೇಸರವಾಗುತ್ತದೆ.

ಹೀಗೇಕಾಗುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಒಂದು ತೋಳು ನಮ್ಮ ದೇಹತೂಕದ ಸುಮಾರು ಶೇ. 5ರಷ್ಟು ಇರುತ್ತದೆ. ಅರವತ್ತು ಕೆಜಿ ತೂಗುವವರ ತೋಳು ಮೂರು ಕೆಜಿಯ ಆಸುಪಾಸು. ಅದನ್ನು ಮುಂದಕ್ಕೆ ಚಾಚಿ ಹಿಡಿದಾಗ ಇಡೀ ಭಾರ ಭುಜದ ಸ್ನಾಯುಗಳ ಮೇಲೆ ಬೀಳುತ್ತದೆ. ಸ್ನಾಯು ಬಿಗಿಯಾಗಿಯೇ ಉಳಿದರೆ ಅದರೊಳಗೆ ರಕ್ತ ಸರಾಗವಾಗಿ ಹರಿಯುವುದಿಲ್ಲ, ಬೇಗ ದಣಿಯುತ್ತದೆ. ಇದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯಿದೆ. ನಿಜವಾದ ಫೇಡರ್ (ಜಾರಿಸಿ ಧ್ವನಿ ಏರಿಳಿಸುವ ಗುಂಡಿ) ಮೇಲೆ ಬೆರಳನ್ನು ಸುಮ್ಮನೆ ಊರಿಕೊಂಡು ಹಾಡು ಕೇಳಬಹುದು, ಅಂಗೈಯನ್ನು ಮಿಕ್ಸರ್‌ನ ಅಂಚಿಗೆ ಒರಗಿಸಬಹುದು. ಗಾಜಿನ ಮೇಲೆ ಹಾಗೆ ಮಾಡಿದರೆ ಯಾವುದೋ ಟ್ರ್ಯಾಕ್‌ನ, ಅಂದರೆ ಒಂದು ಧ್ವನಿಯ ಅಥವಾ ವಾದ್ಯದ ಮುದ್ರಣದ, ಮಟ್ಟ ಬದಲಾಗಿಬಿಡುತ್ತದೆ. ಹಾಗಾಗಿ ಮುಟ್ಟದೆ ಇರುವಾಗಲೂ ಕೈ ಗಾಳಿಯಲ್ಲಿ ತೂಗಿಕೊಂಡೇ ಇರಬೇಕು. ಗಾಯಕಿಯ ಧ್ವನಿಯ ಆಟೋಮೇಷನ್ ಅನ್ನು, ಅಂದರೆ ಹಾಡು ಸಾಗಿದಂತೆ ಮಟ್ಟ ತಾನಾಗಿ ಏರಿಳಿಯಲು ಬರೆದಿಡುವ ಗುರುತುಗಳನ್ನು, ಸಾಲು ಸಾಲಾಗಿ ತಿದ್ದುವಾಗ, ಮೃದಂಗದ ಒಂದೊಂದು ಪೆಟ್ಟನ್ನು ಜರುಗಿಸುವಾಗ, ಈ ತೂಗಾಟವೇ ಗಂಟೆಗಟ್ಟಲೆ ನಡೆಯುತ್ತದೆ. ಬೆರಳಿಗೆ ಗುಂಡಿಯ ಉಬ್ಬು ತಗ್ಗು ಸಿಗದ ಕಾರಣ ಕಣ್ಣೂ ಪರದೆಯನ್ನು ಬಿಟ್ಟು ಕದಲುವಂತಿಲ್ಲ.

ಸಂಗೀತಲೋಕಕ್ಕೆ ಇದು ಹೊಸ ಪಾಠವೇನೂ ಅಲ್ಲ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ 1979ರಲ್ಲಿ ಬಂದ ಫೇರ್‌ಲೈಟ್ ಸಿಎಂಐ ಎಂಬ ಕಂಪ್ಯೂಟರ್ ಸಂಗೀತ ಉಪಕರಣದಲ್ಲಿ ಪರದೆಗೆ ಲೈಟ್ ಪೆನ್ (ಪರದೆಯ ಮೇಲೆ ಗುರುತಿಸಲು ಬಳಸುವ ಪೆನ್ನಿನಂಥ ಸಾಧನ) ಹಿಡಿದು ಕೆಲಸ ಮಾಡಬೇಕಿತ್ತು. ಕೈ ನೋಯುತ್ತದೆ ಎಂದು ಬಳಸುವವರು ದೂರಿದ್ದರಿಂದ ಮುಂದೆ ಬಂದ ‘ಸೀರೀಸ್ III’ ಮಾದರಿಯಲ್ಲಿ ಪೆನ್ನನ್ನು ಪರದೆಯಿಂದ ಕೆಳಗಿಳಿಸಿ, ಅಡ್ಡಲಾಗಿರುವ ಟ್ಯಾಬ್ಲೆಟ್ (ಬರೆಯುವ ಹಲಗೆ) ಮೇಲೆ ಬರೆಯುವಂತೆ ಮಾಡಿದರು. ಕಂಪ್ಯೂಟರ್ ವಲಯದಲ್ಲಿ ಈ ನೋವಿಗೆ ‘ಗೊರಿಲ್ಲಾ ಆರ್ಮ್’ ಎಂಬ ಹೆಸರೇ ಇದೆ. ಇಷ್ಟು ಹಳೆಯ ವಿಷಯವನ್ನು ಪರದೆ ಮಾರುವವರು ಹೇಳದಿರುವುದು ನನಗೆ ಸಿಟ್ಟು ತರಿಸುತ್ತದೆ.

ಈಗ ನನ್ನ ಪರದೆ ಗೋಡೆಯಿಂದ ಇಳಿದಿದೆ. ಹಿಂದೆ ನೆಲದ ಮೇಲೆ ಕುಳಿತು ಲೆಕ್ಕ ಬರೆಯುತ್ತಿದ್ದವರ ಇಳಿಜಾರು ಡೆಸ್ಕಿನಂತೆ, ಮೇಜಿನಿಂದ ಸುಮಾರು 30 ಡಿಗ್ರಿ ಮಾತ್ರ ಎದ್ದಿದೆ. ಮಾಮೂಲಿ ಸ್ಟ್ಯಾಂಡ್ ಅಷ್ಟು ಬಾಗಲಿಲ್ಲ, ಬಡಗಿಯಿಂದ ಮರದ ಚೌಕಟ್ಟು ಮಾಡಿಸಿದೆ. ಮುಂಭಾಗದಲ್ಲಿ ಮೊಣಕೈ ಮತ್ತು ಮುಂಗೈ ಊರಲು ಅಗಲವಾದ ಪಟ್ಟಿಯಿದೆ. ಕುರ್ಚಿಯನ್ನು ಎತ್ತರಿಸಿ ಕುಳಿತರೆ ಮೊಣಕೈ ಪಕ್ಕೆಯ ಹತ್ತಿರವೇ ಉಳಿಯುತ್ತದೆ. ಇದರಲ್ಲೂ ತೊಂದರೆ ಇಲ್ಲದಿಲ್ಲ: ಮೇಲಿನ ಟ್ಯೂಬ್‌ಲೈಟ್ ಗಾಜಿನಲ್ಲಿ ಹೊಳೆಯುತ್ತದೆ, ಸ್ಪೀಕರ್‌ನ ಧ್ವನಿ ಗಾಜಿಗೆ ತಗುಲಿ ಕಿವಿಗೆ ಪುಟಿಯುತ್ತದೆ, ಬಹಳ ಹೊತ್ತು ಬಗ್ಗಿ ನೋಡಿದರೆ ಕುತ್ತಿಗೆ ಹಿಡಿಯುತ್ತದೆ. ದೀಪದ ಜಾಗವನ್ನೂ ಸ್ಪೀಕರ್‌ಗಳನ್ನೂ ಬದಲಿಸಿಕೊಂಡೆ. ಪ್ಲಗಿನ್ (ಧ್ವನಿಯನ್ನು ತಿದ್ದುವ ಪುಟ್ಟ ಸಾಫ್ಟ್‌ವೇರ್) ಆರಿಸುವುದು, ಟ್ರ್ಯಾಕ್ ಮ್ಯೂಟ್ ಮಾಡುವುದು ಮುಂತಾದ ಚುಟುಕು ಕೆಲಸಗಳನ್ನಷ್ಟೇ ಬೆರಳಿನಿಂದ ಮಾಡುತ್ತೇನೆ. ಸೂಕ್ಷ್ಮವಾದ, ದೀರ್ಘವಾದ ಕೆಲಸವೆಲ್ಲ ಮೌಸ್, ಕೀಬೋರ್ಡ್ ಮತ್ತು ಸಣ್ಣದೊಂದು ಫೇಡರ್ ಪೆಟ್ಟಿಗೆಯ ಪಾಲಿಗೆ.

ಈಗಾಗಲೇ ಪರದೆ ಕೊಂಡಿರುವವರಿಗೆ ಒಂದು ಮಾತು. ರಾತ್ರಿ ನೋವಿನಿಂದ ಎಚ್ಚರವಾಗುತ್ತಿದ್ದರೆ, ಬೆರಳು ಜೋಮು ಹಿಡಿಯುತ್ತಿದ್ದರೆ ಮುಲಾಮು ಹಚ್ಚಿಕೊಂಡು ಕಾಲ ಕಳೆಯಬೇಡಿ, ವೈದ್ಯರಲ್ಲಿಗೆ ಹೋಗಿ. ಮಧುಮೇಹ ಇರುವವರಿಗೆ ಭುಜದ ಕೀಲು ಬಿಗಿದುಕೊಳ್ಳುವ ಸಂಭವ ಹೆಚ್ಚು, ಅವರಂತೂ ತಡಮಾಡಲೇಬಾರದು.

ಇನ್ನೂ ಕೊಳ್ಳದವರು ನಿಮ್ಮದೇ ಹಾಡೊಂದನ್ನು ಪೆನ್‌ಡ್ರೈವ್‌ನಲ್ಲಿ ಅಂಗಡಿಗೆ ಒಯ್ಯಿರಿ. ಕುಳಿತುಕೊಂಡು, ಮನೆಯಲ್ಲಿ ಇಡುವ ಎತ್ತರದಲ್ಲೇ, ಅರ್ಧ ಗಂಟೆ ಬಿಡದೆ ಆಟೋಮೇಷನ್ ಬರೆದು ನೋಡಿ. ಅಷ್ಟು ಹೊತ್ತು ಕೂರಲು ಬಿಡದ ಅಂಗಡಿಯಲ್ಲಿ ಮುಂಗಡ ಕೊಡಬೇಡಿ.