ಎಂಬತ್ತಕ್ಕೇ ನಿಲ್ಲುವ ಚಾರ್ಜ್: ರಾಯಚೂರಿನಲ್ಲಿ ಟಿಎಲ್‌ಪಿ ಜೊತೆ ನಾಲ್ಕು ವರ್ಷ

ನನ್ನ ಕೆಲಸ ಸಣ್ಣ ವ್ಯಾಪಾರಿಗಳ ಲೆಕ್ಕ ಬರೆಯುವುದು, ಜಿಎಸ್‌ಟಿ ರಿಟರ್ನ್ ಹಾಕುವುದು. ಅರ್ಧ ದಿನ ರಾಜೇಂದ್ರ ಗಂಜ್ ಮಾರುಕಟ್ಟೆಯ ಅಡತ್ ಅಂಗಡಿಗಳಲ್ಲೇ ಕಳೆಯುತ್ತದೆ. ಅಲ್ಲಿ ಗೋಡೆಗೆ ಇರುವುದೇ ಒಂದು ಪ್ಲಗ್. ಅದು ಫ್ಯಾನಿಗೋ ತೂಕದ ಯಂತ್ರಕ್ಕೋ ಮೀಸಲು. ಹತ್ತಿ ಸೀಸನ್ನಿನಲ್ಲಿ "ಸ್ವಲ್ಪ ಪ್ಲಗ್ ಕೊಡ್ರೀ" ಅಂತ ಕೇಳುವ ಧೈರ್ಯ ನನಗಂತೂ ಇಲ್ಲ. ಇನ್ನು ಮನೆಗೆ ಬಂದರೆ ಕರೆಂಟ್ ಇರಬೇಕಲ್ಲ. ಶಕ್ತಿನಗರದಲ್ಲಿ 1,720 ಮೆಗಾವ್ಯಾಟ್ ಸ್ಥಾವರ ಇದೆ, ನಿಜ. ಆದರೆ ನಮ್ಮ ಓಣಿಯ ಲೈನಿಗೆ ಒಂದು ಗಾಳಿ ಬೀಸಿದರೂ ಸಾಕು.

2021ರ ದೀಪಾವಳಿಗೆ ಸೆಕೆಂಡ್ ಹ್ಯಾಂಡ್ ಥಿಂಕ್‌ಪ್ಯಾಡ್ ಟಿ480 ಲ್ಯಾಪ್‌ಟಾಪ್ ತಗೊಂಡೆ. ಐ5-8250ಯು ಪ್ರೊಸೆಸರ್. ಇದರಲ್ಲಿ ಎರಡು ಬ್ಯಾಟರಿ. ಒಂದು ಒಳಗೇ ಕೂತಿರುತ್ತದೆ, ಇನ್ನೊಂದನ್ನು ಕೆಳಗಿನಿಂದ ಕಳಚಬಹುದು. ಹೊಸದಿದ್ದಾಗ ಎರಡೂ 24 ವ್ಯಾಟ್-ಅವರ್ (ಅಂದರೆ 24 ವ್ಯಾಟ್ ಎಳೆದರೆ ಒಂದು ಗಂಟೆ ಬರುವಷ್ಟು ಕರೆಂಟ್). ನನ್ನ ಕೈಗೆ ಬಂದಾಗ ಒಳಗಿನದು 22, ಹೊರಗಿನದು 18 ಉಳಿದಿತ್ತು. ವಿಂಡೋಸ್ ಬದಲು ಲಿನಕ್ಸ್‌ನ ಒಂದು ಬಗೆಯಾದ ಉಬುಂಟು 20.04 ಹಾಕಿದೆ. ಬ್ರೌಸರ್ ಮತ್ತು ಲಿಬ್ರೆ ಆಫೀಸ್ ತೆರೆದಿಟ್ಟರೆ ಸುಮಾರು 9 ವ್ಯಾಟ್ ಎಳೆಯುತ್ತಿತ್ತು. ಅಂದರೆ ನಾಲ್ಕು ಗಂಟೆ ಚಿಲ್ಲರೆ. ಮಧ್ಯಾಹ್ನದ ಊಟಕ್ಕೆ ಮುಂಚೆಯೇ ಮಿಷನ್ ಸುಸ್ತು.

ಆಗ ಹಾಕಿಕೊಂಡಿದ್ದು ಟಿಎಲ್‌ಪಿ. ಲಿನಕ್ಸ್ ಲ್ಯಾಪ್‌ಟಾಪಿನ ಬ್ಯಾಟರಿ ಉಳಿಸಲು ಥಾಮಸ್ ಕೋಖ್ ಅನ್ನುವವರು ಬರೆದಿರುವ ಪುಕ್ಕಟೆ ಸಾಫ್ಟ್‌ವೇರ್. ಕಿಟಕಿ ಇಲ್ಲ, ಗುಂಡಿ ಇಲ್ಲ, ಒಂದೇ ಒಂದು ಸೆಟ್ಟಿಂಗ್ ಫೈಲ್. ಇದು ಇಡೀ ದಿನ ಹಿನ್ನೆಲೆಯಲ್ಲಿ ಓಡುತ್ತಾ ಕೂರುವುದೂ ಇಲ್ಲ. ಚಾರ್ಜರ್ ಹಾಕಿದಾಗ ಒಂದು ಬಗೆಯ ಸೆಟ್ಟಿಂಗ್, ತೆಗೆದಾಗ ಇನ್ನೊಂದು ಬಗೆಯದು ಹೊಂದಿಸಿ ಸುಮ್ಮನಾಗುತ್ತದೆ. ಏನೂ ಮುಟ್ಟದೆ ಸುಮ್ನೆ ಇನ್‌ಸ್ಟಾಲ್ ಮಾಡಿದ್ದಕ್ಕೇ 9 ವ್ಯಾಟ್ ಇದ್ದದ್ದು 7ರ ಹತ್ತಿರ ಬಂತು. ಅಲ್ಲಿಗೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಕೈ ಸುಮ್ಮನಿರಬೇಕಲ್ಲ.

ಪ್ರೊಸೆಸರ್ ನಿಧಾನ ಮಾಡಿದರೆ ಬ್ಯಾಟರಿ ಉಳಿಯುತ್ತದೆ ಅಂದುಕೊಂಡು ಗರಿಷ್ಠ ವೇಗವನ್ನು 800 ಮೆಗಾಹರ್ಟ್ಸ್‌ಗೆ ಕಟ್ಟಿಹಾಕಿದೆ. ಪೋರ್ಟಲ್ ತೆರೆಯಲು ಯುಗವೇ ಹಿಡಿಯಿತು. ಹತ್ತು ನಿಮಿಷದ ರಿಟರ್ನ್‌ಗೆ ಇಪ್ಪತ್ತು ನಿಮಿಷ. ಅಷ್ಟೂ ಹೊತ್ತು ಸ್ಕ್ರೀನ್, ವೈಫೈ, ರ‍್ಯಾಮ್ ಎಲ್ಲ ತಮ್ಮ ಪಾಲಿನ ಕರೆಂಟ್ ಕುಡಿಯುತ್ತಲೇ ಇದ್ದವು. ಒಂದು ವಾರ ನೋಡಿದೆ, ಒಂದು ಪೈಸೆ ಲಾಭವಿಲ್ಲ. ಪ್ರೊಸೆಸರ್ ಅಂದರೆ ಬೆಳಗಿನ ತಂಪಿನಲ್ಲೇ ಕಳೆ ಕಿತ್ತು ಮುಗಿಸಿ ಬೇವಿನ ಮರದ ಕೆಳಗೆ ಮಲಗುವ ಆಳಿನ ಹಾಗೆ. ಅದರ ಉಳಿತಾಯ ಇರುವುದು ಆ ನಿದ್ದೆಯಲ್ಲಿ. ಕಾಲಿಗೆ ಹಗ್ಗ ಕಟ್ಟಿದರೆ ನಿದ್ದೆಯೇ ಇಲ್ಲ.

ಹಾಗಂತ ಪೂರ್ತಿ ಓಡಲು ಬಿಡುವುದೂ ದುಬಾರಿಯೇ. ಈ ಪ್ರೊಸೆಸರ್‌ನ ಮೂಲ ವೇಗ 1.6 ಗಿಗಾಹರ್ಟ್ಸ್. ಟರ್ಬೊದಲ್ಲಿ, ಅಂದರೆ ಕೆಲಸ ಹೆಚ್ಚಿದಾಗ ತಾನೇ ವೇಗ ಏರಿಸಿಕೊಂಡು, 3.4ರವರೆಗೆ ಜಿಗಿಯುತ್ತದೆ. ಅಷ್ಟು ಎತ್ತರಕ್ಕೆ ಹೋಗಲು ವೋಲ್ಟೇಜ್ ಜಾಸ್ತಿ ಬೇಕು. ವೇಗ ಇಮ್ಮಡಿಯಾದರೆ ವ್ಯಾಟ್ ಅದಕ್ಕಿಂತ ಎಷ್ಟೋ ಜಾಸ್ತಿ ಏರುತ್ತದೆ. ಟಿಎಲ್‌ಪಿ ಫೈಲಿನಲ್ಲಿ ಬ್ಯಾಟರಿ ಮೇಲಿದ್ದಾಗ ಬೂಸ್ಟ್, ಅಂದರೆ ಇದೇ ಟರ್ಬೊ, ಬೇಕೋ ಬೇಡವೋ ಅನ್ನುವ ಸಾಲು ಇದೆ. ಅಲ್ಲಿ ಸೊನ್ನೆ ಹಾಕಿದೆ. ಲೆಕ್ಕದ ಕೆಲಸಕ್ಕೆ 1.6 ಧಾರಾಳ ಸಾಕು. ಇದರಿಂದ 6 ವ್ಯಾಟ್‌ಗೆ ಬಂತು. ಅದಕ್ಕಿಂತ ದೊಡ್ಡ ಖುಷಿ ಅಂದರೆ ಏಪ್ರಿಲ್-ಮೇ ತಿಂಗಳಲ್ಲೂ ಫ್ಯಾನ್ ಬಾಯಿ ಮುಚ್ಚಿಕೊಂಡಿತ್ತು. ರಾಯಚೂರಿನ ಬೇಸಿಗೆಯಲ್ಲಿ ತೊಡೆ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡವರಿಗೆ ಇದರ ಬೆಲೆ ಗೊತ್ತು.

ಪ್ರೊಸೆಸರ್ ವೇಗ ಹೇಗೆ ಏರಬೇಕು, ಇಳಿಯಬೇಕು ಅಂತ ಹೇಳುವ ಸೆಟ್ಟಿಂಗ್ ಗವರ್ನರ್. ಅದರ ಬಗ್ಗೆಯೂ ಒಂದು ಮಾತು. ಇಂಟೆಲ್ ಪ್ರೊಸೆಸರ್‌ನ ವೇಗ ನೋಡಿಕೊಳ್ಳುವ ಪಿ-ಸ್ಟೇಟ್ ಡ್ರೈವರ್‌ನಲ್ಲಿ ನನಗೆ ಕಂಡಿದ್ದು 'ಪರ್ಫಾರ್ಮೆನ್ಸ್' ಮತ್ತು 'ಪವರ್‌ಸೇವ್' ಎರಡೇ. ಪವರ್‌ಸೇವ್ ಅಂತ ಹೆಸರು ನೋಡಿ ಬಹಳ ಜನ ಹೆದರುತ್ತಾರೆ. ಇಲ್ಲಿ ಅದು ವೇಗವನ್ನು ತಳಕ್ಕೆ ಕಟ್ಟಿಹಾಕುವುದಿಲ್ಲ, ಕೆಲಸ ನೋಡಿಕೊಂಡು ಏರಿಸಿ ಇಳಿಸುತ್ತದೆ. ಅದನ್ನು ಹಾಗೇ ಬಿಡಿ.

ಇಷ್ಟೆಲ್ಲ ಗಂಟೆಗಳ ಲೆಕ್ಕ. ಟಿಎಲ್‌ಪಿಯ ನಿಜವಾದ ಉಪಕಾರ ಕಂಡಿದ್ದು ವರ್ಷಗಳ ಲೆಕ್ಕದಲ್ಲಿ. ಲಿಥಿಯಂ ಬ್ಯಾಟರಿಗೆ ಎರಡು ಆಗದ ವಿಷಯ: ಬಿಸಿ ಮತ್ತು ಸದಾ ತುಂಬಿದ ಹೊಟ್ಟೆ. ನಮ್ಮೂರಲ್ಲಿ ಮೊದಲನೆಯದನ್ನು ತಪ್ಪಿಸಲಾಗದು. ಎರಡನೆಯದನ್ನು ತಪ್ಪಿಸಬಹುದು. ಟಿಎಲ್‌ಪಿ ಫೈಲಿನಲ್ಲಿ ಶೇಕಡಾ 75ಕ್ಕಿಂತ ಕೆಳಗಿಳಿದರೆ ಮಾತ್ರ ಚಾರ್ಜ್ ಶುರು, 80ಕ್ಕೆ ಬಂದ್ ಅಂತ ಸೆಟ್ ಮಾಡಿದೆ.

ಮಾರನೇ ದಿನವೇ ಫಜೀತಿ. 77ರಲ್ಲಿದ್ದಾಗ ಚಾರ್ಜರ್ ಹಾಕಿದೆ, ಚಾರ್ಜ್ ಆಗಲೇ ಇಲ್ಲ. ಪಿನ್ ತಿರುಗಿಸಿ ನೋಡಿದೆ, ಬೇರೆ ಪ್ಲಗ್ ನೋಡಿದೆ. ಕೊನೆಗೆ ಚಾರ್ಜರ್ ಸುಟ್ಟಿದೆ ಅಂತ ರಿಪೇರಿ ಅಂಗಡಿಗೆ ಒಯ್ದೆ. ಹುಡುಗ ಮೀಟರ್ ಹಿಡಿದು, "ಚಾರ್ಜರ್ ಛಲೋ ಐತ್ರೀ, ನೀವಽ ಏನರ ಮಾಡೀರಿ ನೋಡ್ರಿ" ಅಂದ. ಹೌದು, ನಾನೇ ಮಾಡಿದ್ದೆ. 75ರ ಕೆಳಗೆ ಇಳಿಯದೆ ಶುರುವಾಗುವುದಿಲ್ಲ ಅಂತ ನಾನೇ ಬರೆದಿಟ್ಟು ನಾನೇ ಮರೆತಿದ್ದೆ.

ಇನ್ನೊಂದು ತಪ್ಪು ದುಬಾರಿಯಾಯಿತು. ಈ ಮಿತಿಯನ್ನು ಬ್ಯಾಟ್ 0, ಅಂದರೆ ಒಳಗಿನ ಬ್ಯಾಟರಿಗೆ ಮಾತ್ರ ಹಾಕಿದ್ದೆ. ಬ್ಯಾಟ್ 1ಕ್ಕೆ ಬೇರೆ ಸಾಲುಗಳಿವೆ ಅಂತ ಗಮನಿಸಲೇ ಇಲ್ಲ. ಹೊರಗಿನದು ಒಂದೂವರೆ ವರ್ಷ ನೂರಕ್ಕೆ ತುಂಬಿಕೊಂಡು ಬಿಸಿಲಲ್ಲಿ ಬೆಂದಿತು. 2023ರ ಬೇಸಿಗೆ ಮುಗಿಯುವಷ್ಟರಲ್ಲಿ 9 ವ್ಯಾಟ್-ಅವರ್‌ಗೆ ಇಳಿದಿತ್ತು. ಮಿತಿ ಮರೆತದ್ದೊಂದೇ ಕಾರಣ ಅನ್ನಲಾರೆ. ಈ ಮಾಡೆಲ್‌ನಲ್ಲಿ ಮೊದಲು ಖಾಲಿಯಾಗುವುದು ಹೊರಗಿನ ಬ್ಯಾಟರಿಯೇ, ಹಾಗಾಗಿ ಅದಕ್ಕೆ ದುಡಿಮೆಯೂ ಜಾಸ್ತಿ. ಬದಲಿಗೆ ಅಗ್ಗಕ್ಕೆ ಸಿಕ್ಕಿತು ಅಂತ ತಂದದ್ದು ಡುಪ್ಲಿಕೇಟ್. 40 ತೋರಿಸುತ್ತಿದ್ದದ್ದು ಕಣ್ಣೆದುರೇ 5ಕ್ಕೆ ಬೀಳುತ್ತಿತ್ತು. ಅದನ್ನು ಎಸೆದು ಒರಿಜಿನಲ್ ತರಿಸಿದೆ. ಒಳಗಿನದರ ಕಥೆ ಕೇಳಿ: 22 ಇದ್ದದ್ದು ನಾಲ್ಕು ವರ್ಷದ ನಂತರ 20.3 ಇದೆ. ಟಿಎಲ್‌ಪಿ-ಸ್ಟ್ಯಾಟ್ ಕಮಾಂಡ್ ಇದನ್ನೆಲ್ಲ ಅಂಕಿ ಸಮೇತ ತೋರಿಸುತ್ತದೆ. ನಾನು ಪ್ರತಿ ತಿಂಗಳು ಖಾತೆ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದಿಡುತ್ತೇನೆ. ವೃತ್ತಿಯ ಚಟ.

ಎಂಬತ್ತಕ್ಕೆ ನಿಲ್ಲಿಸಿದರೆ ದಿನಕ್ಕೆ ಒಂದು ಗಂಟೆಗೂ ಜಾಸ್ತಿ ಹೊತ್ತು ಕಳೆದುಕೊಳ್ಳುತ್ತೇವೆ, ಸುಳ್ಳೇಕೆ ಹೇಳಲಿ. ಸಿಂಧನೂರಿನ ಅಕ್ಕಿ ಮಿಲ್ಲುಗಳಿಗೆ ಹೋಗುವ ಹಿಂದಿನ ರಾತ್ರಿ ಫುಲ್‌ಚಾರ್ಜ್ ಕಮಾಂಡ್ ಕೊಡುತ್ತೇನೆ. ಆ ಒಂದು ಸಲ ಮಿತಿ ಬದಿಗಿಟ್ಟು ನೂರರವರೆಗೆ ತುಂಬುತ್ತದೆ.

ಸಿಟ್ಟು ಬರಿಸಿದ ಸಂಗತಿಗಳೂ ಇವೆ. ಬ್ಯಾಟರಿ ಮೇಲಿದ್ದಾಗ ವೈಫೈ ಉಳಿತಾಯ ತಾನೇ ಆನ್ ಆಗುತ್ತದೆ. ಮೊಬೈಲ್ ಹಾಟ್‌ಸ್ಪಾಟ್ ಹಿಡಿದು ಕೂತರೆ ಓಟಿಪಿ ಪುಟ ತೂಕಡಿಸುತ್ತಿತ್ತು. ಆಫ್ ಮಾಡಿದೆ. ಯುಎಸ್‌ಬಿ ಸಾಧನಗಳನ್ನು ಮಲಗಿಸುವ ಸೌಲಭ್ಯ ನನ್ನ ಡಿಜಿಟಲ್ ಸಹಿಯ ಟೋಕನ್ನನ್ನೂ ಮಲಗಿಸಿಬಿಡುತ್ತಿತ್ತು, ಅದೂ ರಿಟರ್ನ್‌ನ ಕಡೇ ದಿನವಾದ 20ನೇ ತಾರೀಖು ರಾತ್ರಿ! ಟೋಕನ್ನಿನ ಐಡಿಯನ್ನು ಮುಟ್ಟಬೇಡ ಪಟ್ಟಿಗೆ ಸೇರಿಸಿದ ಮೇಲೆ ಸರಿಹೋಯಿತು. ಉಬುಂಟು 22.04ಕ್ಕೆ ಹೋದಾಗ ಅದರ ಜೊತೆ ಪವರ್ ಪ್ರೊಫೈಲ್ಸ್ ಡೀಮನ್ ಅನ್ನುವ, ಹಿನ್ನೆಲೆಯಲ್ಲಿ ಓಡುವ ಇನ್ನೊಂದು ಉಳಿತಾಯದ ಸಾಫ್ಟ್‌ವೇರ್ ಬಂತು. ಅದು ತಿರುಗಿಸುವುದೂ ಟಿಎಲ್‌ಪಿ ತಿರುಗಿಸುವ ಕೀಲಿಗಳನ್ನೇ. ಎರಡರಲ್ಲಿ ಒಂದನ್ನು ತೆಗೆಯಲೇಬೇಕು. ಮೂಲೆಯ ಮೆನುವಿನಲ್ಲಿ ಒತ್ತಿದರೆ ಸಾಕು ಅನ್ನುವವರಿಗೆ ಆ ಡೀಮನ್ನೇ ಸಾಕು. ನಾನು ಅದನ್ನೇ ತೆಗೆದೆ.

ಸ್ಕ್ರೀನಿನ ವಿಷಯದಲ್ಲಿ ಮಾತ್ರ ಟಿಎಲ್‌ಪಿ ಕೈಚೆಲ್ಲುತ್ತದೆ. ಗಂಜಿನ ಕಟ್ಟೆ ಮೇಲೆ ಹಗಲು ಬೆಳಕಿಗೆ ಬ್ರೈಟ್‌ನೆಸ್ ಪೂರ್ತಿ ಏರಿಸಿದೆ ಅನ್ನಿ, ಇಷ್ಟೆಲ್ಲ ಮಾಡಿ ಉಳಿಸಿದ್ದರಲ್ಲಿ ಅರ್ಧ ಅಲ್ಲೇ ಹೋಗುತ್ತದೆ. ಈಗ ಅಂಗಡಿಯ ಒಳಗೆ, ಚೀಲಗಳ ಮರೆಗೆ ಬೆನ್ನು ಕೊಟ್ಟು ಕೂರುತ್ತೇನೆ.

ತಗೊಳ್ಳುವವರು ಒಂದು ನೋಡಿಕೊಳ್ಳಿ. ಚಾರ್ಜ್ ಮಿತಿ ಎಲ್ಲ ಲ್ಯಾಪ್‌ಟಾಪಿಗೂ ಸಿಗುವುದಿಲ್ಲ. ಥಿಂಕ್‌ಪ್ಯಾಡ್‌ನಲ್ಲಿ ಶುರು ಮತ್ತು ಕೊನೆ ಎರಡೂ ಹೊಂದಿಸಬಹುದು. ಆಸುಸ್‌ನ ಹಲವು ಮಾಡೆಲ್‌ಗಳಲ್ಲಿ ಕೊನೆಯದು ಮಾತ್ರ. ಕೆಲವು ಕಂಪನಿಗಳ ಮಿಷನ್‌ಗಳಲ್ಲಿ ಯಾವುದೂ ಇಲ್ಲ. ಅಂಥದ್ದೇ ಒಂದು ನನ್ನ ಅಕ್ಕನ ಮಗನ ಹತ್ತಿರ ಇದೆ. ಹಾಸ್ಟೆಲಿನಲ್ಲಿ ಹಗಲು ರಾತ್ರಿ ಪ್ಲಗ್ಗಿಗೇ ಹಾಕಿಟ್ಟಿರುತ್ತಾನೆ. ಎರಡೇ ವರ್ಷಕ್ಕೆ ಅದರ ಟಚ್‌ಪ್ಯಾಡ್ ಕೆಳಗಿನಿಂದ ಉಬ್ಬಿದೆ. "ಮಾಮಾ, ಕ್ಲಿಕ್ಕೇ ಆಗ್ತಿಲ್ಲ" ಅಂತ ಮೊನ್ನೆ ಫೋನ್ ಮಾಡಿದ್ದ. ಬ್ಯಾಟರಿ ಉಬ್ಬಿದೆ, ಮೊದಲು ಆಫ್ ಮಾಡಿ ಪ್ಲಗ್ ಕಿತ್ತು ಅಂಗಡಿಗೆ ಒಯ್ಯಿ ಅಂದೆ.