ಗೋಕರ್ಣದ ಮೆಟ್ಟಿಲು, ಪಾಲೋಲೆಮ್‌ನ ಮರಳು

ಚಳಿಗಾಲದ ಬೀಚ್ ರಜೆಗೆ ಗೋಕರ್ಣವೋ, ಗೋವಾದ ಪಾಲೋಲೆಮ್ಮೋ ಅಂದರೆ, ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಪಾಲೋಲೆಮ್‌ಗೆ. ಉತ್ತರ ಕನ್ನಡದವರು ಬೇಜಾರು ಮಾಡಿಕೊಳ್ಳಬೇಡಿ. ಗೋಕರ್ಣದ ಮೇಲೆ ನನಗೇನೂ ಸಿಟ್ಟಿಲ್ಲ. ಸಿಟ್ಟಿರೋದು ಅಲ್ಲಿ ನಾವು ಹಿಡಿದ ರೂಮಿನ ಮೇಲೆ, ಮತ್ತೆ ಸ್ವಲ್ಪ ನಮ್ಮದೇ ಸೂಟ್‌ಕೇಸಿನ ಮೇಲೆ.

ಬೆಂಗಳೂರಿನದೂ ಒಂದು ಚಳಿಯಾ ಅಂತ ದಿಲ್ಲಿಯವರು ನಗಬಹುದು. ಆದರೆ ಡಿಸೆಂಬರ್ ಬಂತು ಅಂದ್ರೆ ನನ್ನ ಹಿಮ್ಮಡಿ ಒಡೆಯುತ್ತೆ, ನಮ್ಮನೆಯವರಿಗೆ ಎದ್ದ ತಕ್ಷಣ ಹತ್ತು ಸೀನು. ಅದಕ್ಕೇ ಸಂಕ್ರಾಂತಿಯ ಎಳ್ಳು ಬೀರಿ ಮುಗಿದ ಮೇಲೆ ಮೂರು ರಾತ್ರಿ ಎಲ್ಲಾದರೂ ಬಿಸಿಲಲ್ಲಿ ಬಿದ್ದುಕೊಂಡು ಬರೋದು ಅಂತ ಮಾಡಿಕೊಂಡಿದ್ದೇವೆ. ಹೊಸ ವರ್ಷದ ವಾರ ಹೋಗೋದೇ ಇಲ್ಲ, ಆಗಿನ ಬಾಡಿಗೆ ಕೇಳಿದರೆ ಚಳಿಯೇ ವಾಸಿ ಅನ್ನಿಸುತ್ತೆ. 2024ರಲ್ಲಿ ಪಾಲೋಲೆಮ್‌ಗೆ ಹೋದೆವು. 2025ರಲ್ಲಿ ಸ್ವಲ್ಪ ದುಡ್ಡು ಉಳಿಸೋಣ ಅಂತ ಗೋಕರ್ಣದ ಕುಡ್ಲೆ ಬೀಚ್. ಎರಡು ಸಲವೂ ರೈಲು ಒಂದೇ, ಬೆಂಗಳೂರಿನಿಂದ ಸಂಜೆ ಹೊರಡುವ ಪಂಚಗಂಗಾ ಎಕ್ಸ್‌ಪ್ರೆಸ್. ಗೋಕರ್ಣಕ್ಕಾದರೆ ಗೋಕರ್ಣ ರೋಡ್‌ನಲ್ಲಿ ಇಳಿಯೋದು, ಪಾಲೋಲೆಮ್‌ಗಾದರೆ ಕೊನೇ ಸ್ಟೇಷನ್ ಕಾರವಾರದವರೆಗೂ ಕೂತಿರೋದು.

ಎಡವಟ್ಟಾಗಿದ್ದು ಇಲ್ಲೇ. ಗೋಕರ್ಣ ರೋಡ್‌ನಲ್ಲಿ ಇಳಿದಾಗ ಬೆಳಗ್ಗೆ ಏಳರ ಆಸುಪಾಸು. ಅಲ್ಲಿಂದ ಊರು ಹತ್ತು ಕಿಲೋಮೀಟರ್ ಹತ್ತಿರ, ರಿಕ್ಷಾ ಸಿಕ್ತು, ಖುಷಿಯಾಗಿಯೇ ಹೊರಟೆವು. ಬುಕ್ ಮಾಡುವಾಗ ‘ಬೀಚಿಗೆ ತಾಗಿಕೊಂಡೇ ಇದೆ’ ಅಂದಿದ್ದರು. ಸುಳ್ಳೇನಲ್ಲ. ಬೀಚಿಗೆ ತಾಗಿಕೊಂಡೇ ಇತ್ತು, ರಸ್ತೆಗೆ ತಾಗಿಕೊಂಡಿರಲಿಲ್ಲ ಅಷ್ಟೆ. ರಿಕ್ಷಾದವನು ಗುಡ್ಡದ ಮೇಲೆ ನಿಲ್ಲಿಸಿ, “ಅಕ್ಕಾ, ಇಲ್ಲಿಂದ ಮುಂದೆ ಗಾಡಿ ಹೋಗುದಿಲ್ಲ” ಅಂದ. ಕೆಳಗೆ ನೋಡಿದರೆ ಮೆಟ್ಟಿಲು. ಕೆಲವು ಗೇಣೆತ್ತರ, ಕೆಲವು ಮೊಣಕಾಲೆತ್ತರ. ನಮ್ಮ ಹತ್ತಿರ ಇದ್ದದ್ದು ಮದುವೆ ಮನೆಗೆ ಒಯ್ಯುವಂಥ ಚಕ್ರದ ಸೂಟ್‌ಕೇಸ್. ಬೀಚಿಗೆ ಇಷ್ಟು ದೊಡ್ಡದು ಯಾಕೆ ಅಂತ ಇವರು ಮನೇಲೇ ಕೇಳಿದ್ದರು, ನಾನೇ ಬಾಯಿ ಮುಚ್ಚಿಸಿದ್ದೆ. ಈಗ ಇವರು ಒಂದು ಮಾತೂ ಆಡಲಿಲ್ಲ, ಸುಮ್ನೆ ತಲೆ ಮೇಲೆ ಹೊತ್ತುಕೊಂಡು ಇಳಿದರು. ಬೈದಿದ್ದರೆ ಚೆನ್ನಾಗಿತ್ತು.

ಮೆಟ್ಟಿಲು ಮುಗಿದ ಮೇಲೆ ಮರಳು. ಚಕ್ರ ತಿರುಗಲೇ ಇಲ್ಲ, ನೇಗಿಲು ಎಳೆದ ಹಾಗೆ ಹಿಂದೆ ಎರಡು ಸಾಲು ಬಿತ್ತು. ಅರ್ಧ ದಾರೀಲಿ ಒಂದು ಚಕ್ರದೊಳಗೆ ಮರಳು ಹೊಕ್ಕು ಗಟ್ಟಿ ಹಿಡಿದುಕೊಂಡಿತು. ಅದು ಇವತ್ತಿಗೂ ಸರಿಯಾಗಿಲ್ಲ. ಹೇಗೋ ಎಂಟೂವರೆಗೆ ಹೋಗಿ ನಿಂತರೆ, ಕೌಂಟರಿನ ಹುಡುಗ ಹಲ್ಲುಜ್ಜುತ್ತಲೇ ಹೇಳಿದ, ರೂಮು ಒಂದು ಗಂಟೆಗೆ.

ಒಂದು ಗಂಟೆಗೆ! ರಾತ್ರಿಯಿಡೀ ರೈಲಿನಲ್ಲಿ ಮುದುಡಿ ಬಂದ ಬಟ್ಟೆ, ಸ್ನಾನ ಇಲ್ಲ, ಕಾಲ ತುಂಬ ಮರಳು. ಬಾತ್‌ರೂಮಾದರೂ ಕೊಡಿ ಅಂದರೆ ಹಿಂದೆ ಒಂದಿದೆ ಅಂದ, ಅದರ ಚಿಲಕ ಕೂರುತ್ತಿರಲಿಲ್ಲ. ಒಬ್ಬರು ಒಳಗೆ, ಒಬ್ಬರು ಬಾಗಿಲು ಒತ್ತಿ ಹಿಡಿದು ಹೊರಗೆ. ಆಮೇಲೆ ನಾಲ್ಕು ಗಂಟೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಮೂರು ಮೂರು ಲೋಟ ಚಹಾ ಕುಡಿದೆವು. ಒಂದು ನಾಯಿ ಬಂದು ನನ್ನ ದುಪಟ್ಟಾ ಮೇಲೆ ಮಲಗಿ ನಿದ್ದೆ ಹೋಯಿತು. ಇಡೀ ಬೆಳಗ್ಗೆ ನೆಮ್ಮದಿಯಾಗಿದ್ದದ್ದು ಅದೊಂದೇ. ಎದುರಿಗೇ ಕಡಲು, ಆದರೆ ಬ್ಯಾಗು ಬಿಟ್ಟು ಇಬ್ಬರೂ ಒಟ್ಟಿಗೆ ನೀರಿಗಿಳಿಯುವ ಹಾಗಿಲ್ಲ. ವಾಪಸ್ ಬರುವ ದಿನವೂ ಇದೇ ಕತೆ. ಹತ್ತು ಗಂಟೆಗೆ ರೂಮು ಬಿಡಬೇಕು, ರೈಲು ಇರೋದು ಸಂಜೆಗೆ. ಬಾಡಿಗೆ ಕೊಟ್ಟಿದ್ದು ಮೂರು ದಿನಕ್ಕೆ, ಒಂದು ದಿನ ಸೂಟ್‌ಕೇಸ್ ಕಾಯೋದಕ್ಕೇ ಹೋಯ್ತು.

ಪಾಲೋಲೆಮ್‌ನಲ್ಲಿ ಈ ತಾಪತ್ರಯ ಆಗಲೇ ಇಲ್ಲ. ಅಲ್ಲಿಯವರು ಹೆಚ್ಚು ಒಳ್ಳೆಯವರು ಅಂತ ಏನಲ್ಲ, ಊರು ದೂರ ಇರೋದರಿಂದ. ಕಾರವಾರ ತಲುಪುವಾಗಲೇ ಎಂಟು ಗಂಟೆ ದಾಟುತ್ತೆ. ಸ್ಟೇಷನ್ನಿನಿಂದ ರಿಕ್ಷಾ ಹಿಡಿದು ಬಸ್‌ಸ್ಟ್ಯಾಂಡು, ಅಲ್ಲಿಂದ ಮಡಗಾಂವ್ ಬಸ್ಸು, ಕಾಳಿ ನದಿ ದಾಟಿ, ಗೋವಾ ಗಡಿ ದಾಟಿ, ಒಂದು ಗಂಟೆ ಚಿಲ್ಲರೆಗೆ ಕಾಣಕೋಣದ ಚೌಡಿ ಪೇಟೆ. (ವಾಪಸ್ ಬರುವಾಗ ನಾವು ಬಸ್ಸಲ್ಲಿ ದಾಟಿದ ಕಾಳಿ ನದಿಯ ಹಳೇ ಸೇತುವೆ ಅದೇ ವರ್ಷ ಆಗಸ್ಟ್ 7ರ ನಸುಕಿಗೆ ಕುಸಿದು ಬಿತ್ತು. ಸುದ್ದಿ ನೋಡಿ ಇಬ್ಬರೂ ಮುಖ ಮುಖ ನೋಡಿಕೊಂಡೆವು.) ಚೌಡಿಯಲ್ಲಿ ಪಾವ್ ಭಾಜಿ ತಿಂದು ರಿಕ್ಷಾ ಹತ್ತಿದರೆ ಬೀಚಿನ ಹಿಂದಿನ ರಸ್ತೆವರೆಗೂ ತಂದು ಬಿಟ್ಟ. ಗುಡಿಸಲಿಗೆ ಅಲ್ಲಿಂದ ಐವತ್ತು ಹೆಜ್ಜೆ. ಅದೇ ಸೂಟ್‌ಕೇಸ್ ಆಗಲೂ ಇತ್ತು ಅಂತ ನನಗೆ ನೆನಪೇ ಇಲ್ಲ, ನೋಡಿ. ಹನ್ನೊಂದಕ್ಕೆ ಹೋದಾಗ ಹಿಂದಿನವರು ಆಗಷ್ಟೇ ಖಾಲಿ ಮಾಡಿದ್ದರು. ಗುಡಿಸುತ್ತಿದ್ದ ಹುಡುಗ ಕೊಪ್ಪಳದ ಕಡೆಯವನು. ನಾವು ಕನ್ನಡದಲ್ಲಿ ಮಾತಾಡೋದು ಕೇಳಿ, “ಹತ್ ನಿಮಿಷ ಕುಂದರ‍್ರಿ ಅಕ್ಕಾರ, ಮಾಡಿ ಕೊಡ್ತೀನಿ” ಅಂದ. ಮಾಡಿಯೂ ಕೊಟ್ಟ.

ಹಾಗಂತ ಆ ಗುಡಿಸಲು ಅರಮನೆ ಅಲ್ಲ. ಮಳೆಗಾಲಕ್ಕೆ ಮುಂಚೆ ಎಲ್ಲ ಬಿಚ್ಚಿಟ್ಟು ಮಳೆ ಮುಗಿದ ಮೇಲೆ ಮತ್ತೆ ಕಟ್ಟುತ್ತಾರೆ, ಗೋಡೆ ಅಂದರೆ ಬರೀ ಪ್ಲೈವುಡ್. ಪಕ್ಕದವರ ಗೊರಕೆಗೆ ನಮ್ಮ ಮಂಚವೂ ತಾಳ ಹಾಕುತ್ತಿತ್ತು.

ಕಡಲಿನ ವಿಷಯಕ್ಕೆ ಬಂದರೆ, ನನಗೆ ಈಜು ಬರೋದಿಲ್ಲ. ಪಾಲೋಲೆಮ್ ಅರ್ಧಚಂದ್ರದ ಹಾಗೆ ಬಾಗಿದೆ, ನೀರು ತುಂಬ ದೂರದವರೆಗೂ ಸೊಂಟದ ಮಟ್ಟ ದಾಟೋದಿಲ್ಲ, ಅಲೆಯೂ ಮೆತ್ತಗೆ. ಇಳಿತದ ಹೊತ್ತಿಗೆ ಉತ್ತರದ ತುದಿಯ ಪುಟ್ಟ ದ್ವೀಪಕ್ಕೆ ನಡೆದೇ ಹೋಗಬಹುದು. ಕುಡ್ಲೆಯಲ್ಲಿ ಮೊಣಕಾಲಿನಾಚೆ ನನಗೆ ಧೈರ್ಯ ಬರಲಿಲ್ಲ.

ಗೋಕರ್ಣ ಗೆದ್ದದ್ದು ಎರಡು ಕಡೆ. ಒಂದು, ಕುಡ್ಲೆಯಿಂದ ಗುಡ್ಡ ಹತ್ತಿ ಓಂ ಬೀಚಿಗೆ ನಡೆಯುವ ದಾರಿ. ಬೆಳಗ್ಗೆ ಆರೂವರೆಗೆ ಹೊರಟರೆ ಇಪ್ಪತ್ತು ಇಪ್ಪತ್ತೈದು ನಿಮಿಷ, ಒಣಹುಲ್ಲು, ಕೆಂಪು ಕಲ್ಲು, ಒಮ್ಮೆಲೇ ಕೆಳಗೆ ಬಂಡೆ ಮಧ್ಯೆ ಎರಡು ಬಿಲ್ಲಿನ ಹಾಗೆ ಬಾಗಿದ ಕಡಲು. ಆ ಆಕಾರಕ್ಕೇ ಓಂ ಅಂತ ಹೆಸರು. ಅಂಥ ನಡಿಗೆ ಪಾಲೋಲೆಮ್‌ನಲ್ಲಿ ನಮಗೆ ಸಿಗಲಿಲ್ಲ. ಇನ್ನೊಂದು ಊಟ. ನಾವಿಬ್ಬರೂ ಸಸ್ಯಾಹಾರಿಗಳು. ಮಹಾಬಲೇಶ್ವರನ ದರ್ಶನ ಮುಗಿಸಿ ಪೇಟೆಗೆ ಬಂದರೆ ಅನ್ನ, ತಂಬುಳಿ, ಮುರುಗಲ ಹಣ್ಣಿನ ಶರಬತ್ತು, ಹೊಟ್ಟೆಗೂ ಹಿತ ಪರ್ಸಿಗೂ ಹಿತ. ಪಾಲೋಲೆಮ್‌ನಲ್ಲಿ ಮೀನಿನ ಹಲಗೆ ದಾಟಿ ನಮ್ಮ ಸಾಲಿಗೆ ಬರುವಷ್ಟರಲ್ಲಿ ಉಳಿಯೋದು ಪನೀರು, ಫ್ರೈಡ್ ರೈಸು. ಮೂರನೇ ದಿನ ಇವರು ಮೊಸರನ್ನ ಅಂತ ಕನವರಿಸಿದರು.

ಗಲಾಟೆ? ಎರಡೂ ಕಡೆ ಜಾಸ್ತಿ ಇಲ್ಲ. ರಾತ್ರಿ ಹತ್ತರ ಮೇಲೆ ಲೌಡ್‌ಸ್ಪೀಕರ್ ಹಾಕುವ ಹಾಗಿಲ್ಲ ಅಂತ ಪಾಲೋಲೆಮ್‌ನಲ್ಲಿ ಎಲ್ಲರೂ ಹೆಡ್‌ಫೋನ್ ಹಾಕಿಕೊಂಡು ಕುಣಿಯುವ ಪಾರ್ಟಿ ಇದೆ. ದೂರದಿಂದ ನೋಡಿದರೆ ಮೈಮೇಲೆ ದೇವರು ಬಂದ ಹಾಗಿರುತ್ತೆ, ಸದ್ದೇ ಇಲ್ಲ.

ಒಂದು ಸಲ ಹೊನ್ನಾವರದಲ್ಲೂ ಇಳಿದಿದ್ದೆವು. ಕಾಸರಕೋಡು ಬೀಚು 2020ರಲ್ಲೇ ಬ್ಲೂ ಫ್ಲ್ಯಾಗ್ (ಚೊಕ್ಕ ಬೀಚುಗಳಿಗೆ ಕೊಡುವ ಅಂತರರಾಷ್ಟ್ರೀಯ ಮನ್ನಣೆ) ಪಡೆದದ್ದು, ಚೊಕ್ಕವಾಗಿದೆ. ಶರಾವತಿಯ ಕಾಂಡ್ಲಾವನದ (ಮ್ಯಾಂಗ್ರೋವ್ ಕಾಡು) ಮರದ ಸೇತುವೆ ಮೇಲೂ ನಡೆದೆವು. ಅರ್ಧ ದಿನಕ್ಕೆ ಸರಿ.

ದುಡ್ಡಿನ ಲೆಕ್ಕ ಹೇಳುತ್ತೇನೆ. ಎಲ್ಲ ಸೇರಿ ಇಬ್ಬರಿಗೆ ಪಾಲೋಲೆಮ್ 17,000 ಆಯ್ತು, ಗೋಕರ್ಣ 12,500. ವ್ಯತ್ಯಾಸ ನಾಲ್ಕೂವರೆ ಸಾವಿರ. ಕಡಿಮೆ ಏನಲ್ಲ, ಆದರೆ ನನ್ನ ಪಾಲಿಗೆ ಅದು ಬಾಗಿಲು ಒತ್ತಿ ಹಿಡಿಯದೇ ಸ್ನಾನ ಮಾಡುವ ಖರ್ಚು. ಹೆಗಲ ಮೇಲೆ ಒಂದೇ ಬ್ಯಾಗ್ ಹಾಕಿಕೊಂಡು, ತಲುಪಿದ ಕೂಡಲೇ ನೀರಿಗೆ ಹಾರುವ ವಯಸ್ಸಿನವರು ನೀವಾದರೆ ಕಣ್ಣು ಮುಚ್ಚಿ ಕುಡ್ಲೆಗೆ ಹೋಗಿ. ನಮ್ಮ ಹಾಗೆ ಸ್ನಾನ ಆಗದೇ ಮಾತೇ ಹೊರಡದವರು ಕಾರವಾರದ ತನಕ ಕೂತಿರಿ.

ಟಿಕೆಟ್ ಈಗ ಅರವತ್ತು ದಿನ ಮುಂಚೆ ಬಿಡುತ್ತಾರೆ. ಇವರು ನವೆಂಬರ್ ಪುಟದಲ್ಲಿ ಕ್ಯಾಲೆಂಡರಿಗೆ ಗುರುತು ಹಾಕಿ ಪಕ್ಕದಲ್ಲೇ ಬರೆದಿದ್ದಾರೆ: ಚಿಕ್ಕ ಬ್ಯಾಗ್, ಉಪ್ಪಿನಕಾಯಿ.